ಹಿಂದಿನ ಸೀಟಿನ ಬೆಲ್ಟು

"ಅಣ್ಣಾ, ತಡಿ! ಅದನ್ನ ಕತ್ತರಿಸ್ಬೇಡ!"

ಸೂಜಿ ಮೇಡಂ ಕೂಗಿದ ರಭಸಕ್ಕೆ ಅಣ್ಣನ ಕೈಯ ಕತ್ತರಿ ಗಾಡಿಯ ಚಾಲಕನ ಸೀಟಿನ ಬೆಲ್ಟಿನ ಅಂಚಿನಲ್ಲೇ ನಿಂತಿತು.

"ಏನೇ ಅದು, ಹಾವು ಕಂಡೋರ ಹಾಗೆ ಕಿರುಚ್ತೀಯಾ? ಹಳೇ ಬೆಲ್ಟು. ಅಂಚೆಲ್ಲ ಪಿಸಿದು ಹೋಗಿದೆ. ಹೊಸದು ತಂದಿಟ್ಟಿದ್ದೀನಿ, ಹಾಕ್ತೀನಿ. ಅಷ್ಟೇ."

"ಹಾಕುವಿಯಂತೆ. ಮೊದಲು ಕತ್ತರಿ ಈ ಕಡೆ ಕೊಡು."

ಅಣ್ಣ ಕತ್ತರಿ ಕೊಟ್ಟ. ಬೆಲ್ಟನ್ನು ಮಾತ್ರ ಇನ್ನೊಂದು ಕೈಯಿಂದ ಬಿಡಲಿಲ್ಲ. ಬೆಳಗಿನಿಂದ ತುಕ್ಕು ಹಿಡಿದ ಬೋಲ್ಟುಗಳ ಜೊತೆ ಗುದ್ದಾಡಿದ್ದಾನೆ, ಕೆಲಸ ನಿಂತದ್ದಕ್ಕೆ ಸಿಟ್ಟಿರಬೇಕು. ಹಾಗೆಂದುಕೊಂಡು ಸೂಜಿ ಮೇಡಂ ಅದನ್ನು ಅಲ್ಲಿಗೇ ಬಿಟ್ಟರು.

ಅಣ್ಣನ ಮಗಳು ಚಿಣ್ಣಿ ಇದೇ ಗಾಡಿ ಓಡಿಸುತ್ತಾ ಕಣಿವೆಯ ತಿರುವಿನಲ್ಲಿ ಆಯತಪ್ಪಿ ಬಂಡೆಗೆ ಬಡಿದು ಸತ್ತಳು, ಪಕ್ಕದಲ್ಲಿದ್ದ ಗಂಡ ಮಣಿಕಟ್ಟು ಮುರಿದುಕೊಂಡು ಉಳಿದ. ಪೊಲೀಸರು ಬರೆದು ಮುಚ್ಚಿದ್ದು ಇಷ್ಟು. ಇಷ್ಟರಲ್ಲಿ ಒಂದಕ್ಷರವೂ ಸೂಜಿ ಮೇಡಂಗೆ ಗಂಟಲಲ್ಲಿ ಇಳಿದಿರಲಿಲ್ಲ.

ಅಪರಾಧ ವಿಭಾಗದಲ್ಲಿ ಇನ್‌ಸ್ಪೆಕ್ಟರಾಗಿದ್ದಾಗ ಅವರಿಗೆ ಬಿದ್ದ ಹೆಸರು ಅದು, ಸೂಜಿ. ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚುತ್ತಾರೆ ಅಂತ. ನಿವೃತ್ತಿಯಾದರೂ ಹೆಸರು ನಿವೃತ್ತಿಯಾಗಲಿಲ್ಲ. ಈಗ ಎರಡು ಬೀದಿಯಾಚೆ ಒಬ್ಬರೇ ಇದ್ದಾರೆ. ದಿನಾ ಬೆಳಗ್ಗೆ ಹಳೇ ಅಂಗಿಯೊಂದನ್ನು ತೊಟ್ಟು ಅಣ್ಣನ ಮನೆಗೆ ಬರುತ್ತಾರೆ. ಸ್ಪ್ಯಾನರ್ ಎತ್ತಿಕೊಡುತ್ತಾರೆ, ಟಾರ್ಚು ಹಿಡಿಯುತ್ತಾರೆ, ಕಣ್ಣು ಬಿಟ್ಟುಕೊಂಡಿರುತ್ತಾರೆ.

ಗಾಡಿಗೆ ಮನೆಯಲ್ಲಿಟ್ಟ ಹೆಸರು ದೊಡ್ಡಪ್ಪ. ಇಟ್ಟವಳು ಚಿಣ್ಣಿ. ಮೂರು ಸಾಲು ಸೀಟಿನ ಹಳೇ ದೊಡ್ಡ ಗಾಡಿ. ಬಾಗಿಲು ಹಾಕಿದರೆ ಕಬ್ಬಿಣದ ಬೀರು ಮುಚ್ಚಿದ ಸದ್ದು. ಬೆಳಗ್ಗೆ ಎಬ್ಬಿಸಿದರೆ ಒಂದಷ್ಟು ಹೊತ್ತು ಕೆಮ್ಮುತ್ತಿತ್ತು, ಏರು ಬಂದರೆ ಗೊಣಗುತ್ತಿತ್ತು, ಎಷ್ಟು ಹಾಕಿದರೂ ಹೊಟ್ಟೆ ತುಂಬುತ್ತಿರಲಿಲ್ಲ. "ಇದು ಗಾಡಿಯಲ್ಲ ಅಪ್ಪಾ, ನಿಮ್ಮ ಅಣ್ಣ ಯಾರೋ ಹಿಂದಿನ ಜನ್ಮದಲ್ಲಿ ಸಿಟ್ಟು ಮಾಡ್ಕೊಂಡು ಹೋದೋರು ವಾಪಸ್ ಬಂದಿದ್ದಾರೆ" ಎನ್ನುತ್ತಿದ್ದಳು.

ಚಿಣ್ಣಿ ಹಲ್ಲಿನ ಡಾಕ್ಟರು. ಭಾನುವಾರ ಬಂದರೆ ಅಪ್ಪ ಮಗಳು ಇಬ್ಬರೂ ಶೆಡ್ಡು ಸೇರುತ್ತಿದ್ದರು. ಅಪ್ಪ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವನು. ಗೆರೆ ನೇರ ಎಳೆಯಲು ಗೊತ್ತೇ ಹೊರತು ನಟ್ಟು ಯಾವ ಕಡೆಗೆ ತಿರುಗಿಸಬೇಕೆಂದು ಗೊತ್ತಿರಲಿಲ್ಲ. ಕಲಿಸಿದವಳು ಮಗಳೇ. "ಬಾಯೊಳಗೆ ಕೈ ಹಾಕೋದಕ್ಕಿಂತ ಬಾನೆಟ್ಟೊಳಗೆ ಹಾಕೋದು ವಾಸಿ. ಇದು ಕಚ್ಚೋಲ್ಲ" ಎಂದು ನಗುತ್ತಿದ್ದಳಂತೆ.

ಅವಳು ಹೋದ ಮೇಲೆ ಗುಜರಿಯವನು ಎರಡು ಸಲ ಬಂದು ಕೇಳಿದ. ಅಣ್ಣ ಕೊಡಲಿಲ್ಲ. ಪೊಲೀಸರ ಅಂಗಳದಿಂದ ಗಾಡಿ ಎಳೆಸಿ ತಂದು ಶೆಡ್ಡಿನಲ್ಲಿ ನಿಲ್ಲಿಸಿಕೊಂಡ. ಬಡಿದು ಒಳಸರಿದ ಬಾಗಿಲು ತೆಗೆಸಿ ಬೇರೆ ಗಾಡಿಯ ಬಾಗಿಲು ಹಾಕಿಸಿದ. ಎಂಜಿನ್ ಬಿಚ್ಚಿ ಜೋಡಿಸಿದ. ಹಳೇ ಬ್ರೇಕು ಕಿತ್ತು ಡಿಸ್ಕ್ ಬ್ರೇಕು ಕೂರಿಸಿದ. ಹೊಸ ರೇಡಿಯೇಟರ್, ಹೊಸ ಸ್ಪ್ರಿಂಗು, ಬೆಳ್ಳಗೆ ಉರಿಯುವ ಹೊಸ ದೀಪ. ಚಿಣ್ಣಿ ಬದುಕಿದ್ದಾಗ ಏನೇನು ಮಾಡಿಸಬೇಕು ಎನ್ನುತ್ತಿದ್ದಳೋ ಒಂದೊಂದನ್ನೂ ಮಾಡಿದ. ಯಾರು ಓಡಿಸುವುದಕ್ಕೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಅವನ ಹತ್ತಿರ ಉತ್ತರವಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

"ಚಹಾ ಆರಿ ಹೋಗುತ್ತೆ, ಬನ್ನಿ" ಅಂತ ಅಡುಗೆಮನೆ ಕಿಟಕಿಯಿಂದ ಅತ್ತಿಗೆ ಕರೆದರು.

"ನೀನು ಹೋಗಣ್ಣ. ನಾನು ಬಂದೆ."

ಅಣ್ಣ ಬೆಲ್ಟನ್ನೂ ತಂಗಿಯನ್ನೂ ಒಮ್ಮೆ ನೋಡಿ, ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಒಳಗೆ ಹೋದ.

ಅವನು ಮರೆಯಾದದ್ದೇ ಸೂಜಿ ಮೇಡಂ ಬೆಲ್ಟನ್ನು ಬೆಳಕಿಗೆ ಹಿಡಿದರು. ಹೌದು. ಕಣ್ಣು ಮೋಸ ಮಾಡಿರಲಿಲ್ಲ. ಕಪ್ಪು ಪಟ್ಟಿಯ ಮೇಲೆ ಬೆರಳಗಲದ ಒಂದು ಹೊಳಪು ಗೆರೆ. ಇಸ್ತ್ರಿ ಸುಟ್ಟ ಬಟ್ಟೆಯ ಹಾಗೆ ನುಣ್ಣಗೆ, ಗಟ್ಟಿಯಾಗಿ.

ಬೆಲ್ಟು ಬಾಗಿಲ ಪಕ್ಕದ ಕಂಬದೊಳಗಿನ ಸುರುಳಿಯಿಂದ ಮೇಲೆ ಬಂದು, ಒಂದು ಪ್ಲಾಸ್ಟಿಕ್ ಬಳೆಯೊಳಗೆ ಹಾದು, ಕೂತವರ ಹೆಗಲಿಗೆ ಇಳಿಯುತ್ತದೆ. ಗಾಡಿ ಗುದ್ದಿದಾಗ ಮೈಭಾರವೆಲ್ಲ ಒಮ್ಮೆಗೇ ಬೆಲ್ಟಿನ ಮೇಲೆ ಬೀಳುತ್ತದೆ. ಆ ಉಜ್ಜುವಿಕೆಗೆ ಬಳೆ ಕರಗಿ ಪಟ್ಟಿಗೆ ಅಂಟಿಕೊಳ್ಳುತ್ತದೆ. ಒಗೆದರೂ ಹೋಗದ ಗುರುತು. ಆ ಗಳಿಗೆಯಲ್ಲಿ ಬೆಲ್ಟು ಎಷ್ಟು ಹೊರಗೆ ಬಂದಿತ್ತು ಎನ್ನುವುದನ್ನು ಅದು ಹೇಳುತ್ತದೆ. ದೊಡ್ಡ ಮೈಗೆ ಹೆಚ್ಚು ಬೆಲ್ಟು ಬೇಕು, ಸಣ್ಣ ಮೈಗೆ ಕಡಿಮೆ. ಇಲಾಖೆಯಲ್ಲಿದ್ದಾಗ ಇಂಥದ್ದೊಂದನ್ನು ಅವರು ನೋಡಿದ್ದರು.

ಸೂಜಿ ಮೇಡಂ ಚಾಲಕನ ಸೀಟು ಹತ್ತಿ ಕೂತರು. ಅವರೂ ಚಿಣ್ಣಿಯೂ ಒಂದೇ ಅಳತೆ. "ಅತ್ತೆ, ನಿಮ್ಮ ಅಂಗಿ ನನಗೇ ಹೊಲಿಸಿದ ಹಾಗಿದೆ ನೋಡಿ" ಅಂತ ಎಷ್ಟು ಬಟ್ಟೆ ಹೊತ್ತುಕೊಂಡು ಹೋಗಿದ್ದಳೋ ಲೆಕ್ಕವಿಲ್ಲ.

ಬೆಲ್ಟು ಎಳೆದು ಹಾಕಿಕೊಂಡರು. ಬಳೆಯ ಹತ್ತಿರ ನೋಡಿದರು. ಹೊಳಪು ಗೆರೆ ಕಾಣಲೇ ಇಲ್ಲ. ಇನ್ನೂ ಕಂಬದೊಳಗೇ ಇತ್ತು. ಬೆಲ್ಟನ್ನು ಮತ್ತೆ ಎಳೆದರು, ಮತ್ತಷ್ಟು ಎಳೆದರು. ಹೊಟ್ಟೆಗೂ ಬೆಲ್ಟಿಗೂ ನಡುವೆ ಒಂದು ದಪ್ಪ ದಿಂಬು ತೂರಿಸುವಷ್ಟು ಜಾಗವಾದ ಮೇಲೆ ಗೆರೆ ಹೊರಬಂದು ಬಳೆಗೆ ಸರಿಯಾಗಿ ಕೂತಿತು.

ಅವರು ಇಳಿದರು. ಸುತ್ತಿಕೊಂಡು ಹೋಗಿ ಪಕ್ಕದ ಸೀಟಿನಲ್ಲಿ ಕೂತರು. ಅಲ್ಲಿನ ಬೆಲ್ಟು ಹಾಕಿಕೊಳ್ಳುವಾಗ ಬೆರಳುಗಳಿಗೆ ಕೊಂಡಿ ಸಿಗಲಿಲ್ಲ. ಎರಡು ಸಲ ತಪ್ಪಿತು. ಮೂರನೆಯ ಸಲ ಟಕ್ ಎಂದಿತು. ತಲೆಯೆತ್ತಿ ಬಳೆ ನೋಡಿದರು.

ಗೆರೆ ಅಲ್ಲೇ ಇತ್ತು. ಒಂದು ಕೂದಲೆಳೆಯೂ ಆಚೀಚೆ ಇಲ್ಲ.

ಇಲ್ಲೇ ಕೂತಿದ್ದಳು ಮಗು. ಬಂಡೆ ಬಡಿದದ್ದು ಈ ಕಡೆಯ ಬಾಗಿಲಿಗೇ. ಪೊಲೀಸರನ್ನು ಅವರು ಕೇಳಿಯೂ ಇದ್ದರು, ಬಡಿದದ್ದು ಪಕ್ಕದ ಸೀಟಿಗಾದರೆ ಸತ್ತವಳು ಓಡಿಸುತ್ತಿದ್ದವಳು ಹೇಗೆ ಎಂದು. "ಗಾಡಿ ಪಲ್ಟಿ ಹೊಡೆದಿದೆ ಮೇಡಂ, ಯಾರಿಗೆ ಎಲ್ಲಿ ಏಟು ಬೀಳುತ್ತೋ ಹೇಳೋಕಾಗುತ್ತಾ?" ಎಂದಿದ್ದರು. ಪೊಲೀಸರು ತಲುಪುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಗಾಡಿಯಿಂದಾಚೆ ಹುಲ್ಲಿನ ಮೇಲಿದ್ದರು. ಹೇಳಲು ಉಳಿದಿದ್ದವನು ಒಬ್ಬನೇ. ಅವನು ಹೇಳಿದ್ದನ್ನು ಬರೆದುಕೊಂಡರು.

ಸೂಜಿ ಮೇಡಂ ಬೆಲ್ಟು ಬಿಚ್ಚಲಿಲ್ಲ. ಸರ್ವಿಸ್ಸಿನಲ್ಲಿ ಎಷ್ಟೋ ಹೆಣ ನೋಡಿ ಕಲ್ಲಾಗಿದ್ದ ಹೆಂಗಸು, ಎದೆಯ ಮೇಲಿನ ಆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೂಗು ಕೆಂಪಗಾಗುವಷ್ಟು ಅತ್ತರು. ಕೊನೆಯದಾಗಿ ಅವಳನ್ನು ತಬ್ಬಿಕೊಂಡದ್ದು ಇದೇ ಪಟ್ಟಿ.

ಆಮೇಲೆ ಮುಖ ಒರೆಸಿಕೊಂಡು ಕೆಲಸಕ್ಕೆ ಇಳಿದರು.

ನಡುವಿನ ಸಾಲಿನ ಸೀಟನ್ನು ಅಣ್ಣ ಹಿಂದಿನ ದಿನವೇ ಬಿಚ್ಚಿ ಶೆಡ್ಡಿನ ಮೂಲೆಗೆ ಹಾಕಿದ್ದ. ಅದರ ಬೆಲ್ಟುಗಳೂ ಇರಲಿಲ್ಲ. ಗುಜರಿಗೆ ಹಾಕುವ ಚೀಲದಲ್ಲಿ ಕೈಯಾಡಿಸಿದರು. ಹಳೇ ಹೋಸು, ಬುಷ್ಷು, ತುಕ್ಕು ಹಿಡಿದ ಕ್ಲಾಂಪು. ತಳದಲ್ಲಿ ಬೆಲ್ಟುಗಳು. ಒಂದನ್ನು ಬಿಡಿಸಿ ನೋಡಿದರು, ಏನೂ ಇಲ್ಲ. ಇನ್ನೊಂದನ್ನು ಬಿಡಿಸಿದರು.

ಅದರ ಮೇಲೂ ಹೊಳಪು ಗೆರೆ ಇತ್ತು. ಗೆರೆಯಿಂದ ಒಂದು ಗೇಣು ಕೆಳಗೆ ಬೆಲ್ಟು ಅಡ್ಡಡ್ಡ ಕತ್ತರಿಸಿ ಹೋಗಿತ್ತು. ಈಗ ಬಿಚ್ಚುವಾಗ ಕತ್ತರಿಸಿದ್ದಲ್ಲ. ಕತ್ತರಿಸಿದ ಅಂಚಿನ ಎಳೆಗಳಲ್ಲಿ ಹಳೇ ಧೂಳು ಕೂತು ಬೂದು ಬಣ್ಣಕ್ಕೆ ತಿರುಗಿತ್ತು.

ಗಾಡಿಯಲ್ಲಿ ಮೂರನೆಯವರೊಬ್ಬರು ಇದ್ದರು.

"ಏನು ಹುಡುಕ್ತಿದ್ದೀಯ?"

ಅಣ್ಣ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ.

"ಇದನ್ನ ಕತ್ತರಿಸಿದ್ದು ಯಾರು?"

ಅವನು ಬೆಲ್ಟು ನೋಡಿದ. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಡಲು ಸ್ವಲ್ಪ ಹೊತ್ತು ತೆಗೆದುಕೊಂಡ.

"ಇನ್ಯಾರು? ಪೊಲೀಸ್ನೋರು ಕತ್ತರಿಸಿರ್ತಾರೆ. ಜನಾನ ಹೊರಗೆ ತೆಗೀಬೇಕಲ್ಲ."

"ಪೊಲೀಸ್ನೋರು ಬಂದಾಗ ಒಳಗೆ ಯಾರೂ ಇರ್ಲಿಲ್ಲ ಅಣ್ಣ."

"ಹಾಗಾದ್ರೆ ಮೊದಲಿಂದ್ಲೂ ಹಾಗೇ ಇತ್ತೇನೋ. ಹಳೇ ಗಾಡಿ. ನನಗೇನು ಗೊತ್ತು? ಚಹಾ ಕುಡಿ."

ಚಿಕ್ಕಂದಿನಲ್ಲಿ ಅಪ್ಪ ಸಿಟ್ಟು ಮಾಡಿದಾಗಲೆಲ್ಲ ತಂಗಿಯ ತಪ್ಪನ್ನು ತನ್ನ ತಲೆಗೆ ಹಾಕಿಕೊಳ್ಳುತ್ತಿದ್ದ ಅಣ್ಣ ಇವನು. ಆಗಲೂ ಹೀಗೇ ಕಣ್ಣು ತಪ್ಪಿಸುತ್ತಿದ್ದ. ಸೂಜಿ ಮೇಡಂ ಚಹಾ ಕುಡಿಯಲಿಲ್ಲ. ಬೆಲ್ಟಿನ ತುಂಡನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

"ಎಲ್ಲಿಗೇ?"

"ಕನ್ನಡಕ ಸರಿ ಮಾಡಿಸ್ಕೊಂಡು ಬರ್ತೀನಿ."

ಚಿಣ್ಣಿಯ ಗಂಡನ, ಅಂದರೆ ಅಣ್ಣನ ಅಳಿಯನ, ಕನ್ನಡಕದಂಗಡಿ ಪೇಟೆಯ ನಡುವೆ, ಬ್ಯಾಂಕಿಗೂ ಔಷಧಿ ಅಂಗಡಿಗೂ ಒತ್ತಿಕೊಂಡಿತ್ತು. ಮೂರೂ ಗೋಡೆಗೆ ಕನ್ನಡಿ, ಕನ್ನಡಿಯ ತುಂಬ ಖಾಲಿ ಫ್ರೇಮುಗಳು. ಒಳಗೆ ಕಾಲಿಟ್ಟವರಿಗೆ ನೂರು ಜನ ಕಣ್ಣಿಲ್ಲದವರು ತಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಅಳಿಯ ಗಿರಾಕಿಯೊಬ್ಬರ ಕಿವಿಯ ಹಿಂದೆ ಕಡ್ಡಿ ಬಾಗಿಸಿ ಕೂರಿಸುತ್ತಿದ್ದ. ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ, ಎತ್ತರಕ್ಕೆ ತಕ್ಕ ಗಾತ್ರ. ಆದರೂ ಬೆರಳು ನಾಜೂಕು. ಮದುವೆಯಲ್ಲಿ ಚಿಣ್ಣಿ ಅವನ ಪಕ್ಕ ನಿಂತಾಗ, ಬೀರುವಿನ ಪಕ್ಕ ಬೀಗದಕೈ ಇಟ್ಟ ಹಾಗಿದೆ ಎಂದು ಸೂಜಿ ಮೇಡಂ ಅವರೇ ತಮಾಷೆ ಮಾಡಿದ್ದರು.

ಗಿರಾಕಿ ಹೋದರು.

"ಬನ್ನಿ ಮೇಡಂ. ಕನ್ನಡಕ ಸಡಿಲ ಆಯ್ತಾ?"

"ಇಲ್ಲ. ಇವತ್ತು ತುಂಬಾ ಚೆನ್ನಾಗಿ ಕಾಣ್ತಿದೆ. ಅದಕ್ಕೇ ಬಂದೆ."

ಅವನು ನಕ್ಕ. ನಗು ಬಾಯಿಂದ ಕಣ್ಣಿಗೆ ಏರಲಿಲ್ಲ.

"ಗಾಡಿ ಯಾರು ಓಡಿಸ್ತಿದ್ರು?"

"ಮತ್ತೆ ಅದೇನಾ? ಎಷ್ಟು ಸಲ ಕೇಳ್ತೀರಿ ಮೇಡಂ? ಅವಳೇ. ಪೊಲೀಸ್ನೋರಿಗೂ ಅದೇ ಹೇಳಿದ್ದೀನಿ, ನಿಮಗೂ ಅದೇ ಹೇಳಿದ್ದೀನಿ."

"ಪೊಲೀಸ್ನೋರು ಬೆಲ್ಟು ನೋಡ್ಲಿಲ್ಲ. ನಾನು ನೋಡ್ದೆ."

ಅವರು ನಿಧಾನವಾಗಿ, ಸಾಕ್ಷಿ ಹೇಳುವವರ ಹಾಗೆ, ಗೆರೆಯ ವಿಷಯ ಹೇಳಿದರು. ಪಕ್ಕದ ಸೀಟಿನ ಗುರುತು ಯಾರ ಮೈಗೆ ಕೂರುತ್ತದೆ, ಚಾಲಕನ ಸೀಟಿನ ಗುರುತು ಯಾರ ಮೈಗೆ ಕೂರುತ್ತದೆ. ಅಳಿಯ ಕೈಯಲ್ಲಿದ್ದ ಚಿಕ್ಕ ಸ್ಕ್ರೂಡ್ರೈವರನ್ನು ತಿರುಗಿಸುತ್ತಾ ಕೇಳಿದ. ತಿರುಗಿಸುತ್ತಾ ತಿರುಗಿಸುತ್ತಾ ಕೈ ನಿಂತಿತು.

"ಬೇಕಾದ್ರೆ ಈಗ್ಲೇ ಬಂದು ಕೂತು ತೋರ್ಸು. ಆ ಬೆಲ್ಟಿನ ಗೆರೆ ಬಳೆ ಹತ್ರ ಬರ್ಲಿಲ್ಲ ಅಂದ್ರೆ ನಿನ್ನ ಕಾಲು ಹಿಡಿದು ಕ್ಷಮೆ ಕೇಳ್ತೀನಿ."

ಅವನು ಎದ್ದು ಹೋಗಿ ಅಂಗಡಿಯ ಬಾಗಿಲು ಮುಂದೆ ಮಾಡಿ ಬಂದ. ಕೂತ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಹೌದು" ಎಂದ. "ನಾನೇ ಓಡಿಸ್ತಿದ್ದೆ."

ಇಷ್ಟು ದಿನ ಈ ಮಾತಿಗಾಗಿಯೇ ಕಾದಿದ್ದರು. ಬಂದಾಗ ಗೆದ್ದ ಸುಖ ಬರಲಿಲ್ಲ. ಮತ್ತೊಮ್ಮೆ ಸಾವಿನ ಸುದ್ದಿ ಕೇಳಿದಂತಾಯಿತು.

"ಸತ್ತ ಹೆಂಡ್ತಿ ಮೇಲೆ ಹಾಕಿದೆಯಲ್ಲೋ. ನಾಲಿಗೆ ಹೇಗೆ ಬಂತು? ಊರಿಗೂರೇ ಏನಂತು ಗೊತ್ತಾ? ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡು ಓಡಿಸಿದ್ಳು ಅಂತು. ಆ ಮಾತು ಕೇಳ್ಕೊಂಡು ಹೇಗೆ ಅನ್ನ ತಿಂದೆ?"

"ಬೈರಿ. ಎಷ್ಟು ಬೇಕೋ ಬೈರಿ." ಅವನು ಮೇಜಿನ ಮೇಲಿನ ಕನ್ನಡಕವನ್ನು ದೂರ ಸರಿಸಿದ. "ನಾನಾಗಿ ಹೇಳಿದ್ದಲ್ಲ ಅದು."

"ಮತ್ತೆ?"

ಅವನು ತೋಳು ಮಡಿಸಿ ಮುಖ ಒರೆಸಿಕೊಂಡ. ಮಡಿಸಿದ ತೋಳಿನ ಒಳಗೆ, ಮುಂಗೈಯುದ್ದಕ್ಕೂ, ನಾಲ್ಕು ಮಾಸಿದ ಗೆರೆಗಳು ಸೂಜಿ ಮೇಡಂ ಕಣ್ಣಿಗೆ ಬಿದ್ದವು.

"ಅದೇನು?"

"ಗಾಜು." ಅವನು ತಟಕ್ಕನೆ ತೋಳಿಳಿಸಿದ. "ಅವತ್ತಿನ ಗಾಜು."

ಗಾಜು ನಾಲ್ಕು ಗೆರೆಗಳನ್ನು ಒಂದೇ ಅಂತರದಲ್ಲಿ ಎಳೆಯುವುದಿಲ್ಲ. ಉಗುರು ಎಳೆಯುತ್ತದೆ. ಅವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಚೀಲದಿಂದ ಕತ್ತರಿಸಿದ ಬೆಲ್ಟು ತೆಗೆದು ಗಾಜಿನ ಮೇಜಿನ ಮೇಲೆ ಹಾಕಿದರು.

"ಹಿಂದೆ ಕೂತಿದ್ದೋರು ಯಾರು?"

ಅಳಿಯ ಅದನ್ನು ನೋಡಿದ್ದೇ ತಡ, ಮುಖ ಕಪ್ಪಿಟ್ಟಿತು. ಕುರ್ಚಿ ಹಿಂದೆ ಸರಿಯಿತು.

"ಇದು... ಇದನ್ನ ಮಾವ ಬಿಸಾಡ್ತೀನಿ ಅಂದಿದ್ರು."

ಅಂದವನೇ ನಾಲಿಗೆ ಕಚ್ಚಿಕೊಂಡ. ಆದರೆ ಮಾತು ಬಾಯಿಂದ ಆಚೆ ಬಿದ್ದಾಗಿತ್ತು.

"ನಮ್ಮಣ್ಣಂಗೆ ಗೊತ್ತಾ?" ಸೂಜಿ ಮೇಡಂ ದನಿ ಅವರಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ನನ್ನನ್ನ ಇನ್ನೇನೂ ಕೇಳ್ಬೇಡಿ ಮೇಡಂ. ಮಾವ ಚಿಣ್ಣಿ ಮೇಲೆ ಆಣೆ ಹಾಕಿಸ್ಕೊಂಡಿದ್ದಾರೆ. ಹಿಂದೆ ಯಾರಿದ್ರು, ಯಾಕೆ ಸುಳ್ಳು ಹೇಳಿದ್ವಿ, ಎಲ್ಲಾ ಮಾವನ್ನೇ ಕೇಳಿ. ನಾನು ಹೇಳಿದ್ರೆ ಆ ಮನೆ ಉಳಿಯೋಲ್ಲ."

ವಾಪಸ್ಸು ಬರುವ ದಾರಿ ಎಂದಿಗಿಂತ ಉದ್ದವಾಗಿತ್ತು. ಶಾಲೆ ಬಿಡುವ ಹೊತ್ತು. ಮಕ್ಕಳು ಕಾಲಿಗೆ ಅಡ್ಡಡ್ಡ ಓಡುತ್ತಿದ್ದವು. ಸೂಜಿ ಮೇಡಂ ಗೋಡೆ ಹಿಡಿದುಕೊಂಡಂತೆ ನಡೆದರು.

ಒಂದೊಂದಾಗಿ ನೆನಪಾಯಿತು. ಆ ದಿನ ಠಾಣೆಗೆ ಬಂದ ಅಣ್ಣನ ಅಂಗಿಯ ತುಂಬ ರಕ್ತವಿತ್ತು. ಆಸ್ಪತ್ರೆಯಲ್ಲಿ ಮಗಳನ್ನು ಅಪ್ಪಿಕೊಂಡಾಗ ಆದದ್ದು ಎಂದುಕೊಂಡಿದ್ದರು. ಆದರೆ ಅವನು ಮಗಳನ್ನು ನೋಡುವ ಮೊದಲೇ ಆ ಅಂಗಿ ಹಾಗಿತ್ತು ಅಲ್ಲವೇ? ತಾವು ಎಷ್ಟು ಅತ್ತಿದ್ದರೆಂದರೆ ಕಣ್ಣೆದುರಿನದು ಕಂಡಿರಲಿಲ್ಲ. ಬೇರೆ ಯಾರದೋ ಮನೆಯಲ್ಲಾಗಿದ್ದರೆ ಮೊದಲು ಕೇಳುತ್ತಿದ್ದ ಪ್ರಶ್ನೆ ಅದೇ.

ಇಷ್ಟು ತಿಂಗಳು ಆ ಗಾಡಿಯ ಮೈ ತೊಳೆದು, ಬಿಚ್ಚಿ, ಬದಲಾಯಿಸಿ, ಬಣ್ಣ ಬಳಿದದ್ದು ಮಗಳ ನೆನಪಿಗೋ, ಗುರುತು ಅಳಿಸುವುದಕ್ಕೋ?

ಛೆ. ತನ್ನ ಅಣ್ಣನ ಬಗ್ಗೆ ತಾನೇ ಹೀಗೆ ಯೋಚಿಸುವಂತಾಯಿತಲ್ಲ.

ಶೆಡ್ಡಿನಲ್ಲಿ ಅಣ್ಣ ಗಾಡಿಯ ನೆಲಹಾಸು ಕಿತ್ತು, ಬರಿಯ ತಗಡಿನ ಮೇಲೆ ಕೂತು, ತುಕ್ಕು ಕಂಡಲ್ಲಿ ಮರಳುಕಾಗದ ಉಜ್ಜುತ್ತಿದ್ದ. ತಂಗಿ ಬಂದದ್ದು ನೋಡಿದರೂ ಉಜ್ಜುವುದು ನಿಲ್ಲಿಸಲಿಲ್ಲ.

"ಅಳಿಯ ಒಪ್ಕೊಂಡ. ತಾನೇ ಓಡಿಸ್ತಿದ್ದೆ ಅಂದ."

ಸರ್, ಸರ್, ಸರ್. ಮರಳುಕಾಗದದ ಸದ್ದು.

"ಅಣ್ಣ, ಹಿಂದಿನ ಸೀಟಲ್ಲಿ ಕೂತಿದ್ದೋನು ನೀನಾ?"

ಸದ್ದು ನಿಂತಿತು.

"ನಾನಾಗಿದ್ದಿದ್ರೆ ಎಷ್ಟು ಚೆನ್ನಾಗಿತ್ತೇ" ಎಂದ ಅವನು. "ನಾನಾಗಿದ್ದಿದ್ರೆ ಅವತ್ತೇ ಬಂದು ನಿನ್ನ ಮುಂದೆ ಕೈ ನೀಡ್ತಿದ್ದೆ. ಬೇಡಿ ಹಾಕು ಅಂತಿದ್ದೆ."

"ಮತ್ತ್ಯಾರು?"

ಅವನು ಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ನಿನ್ನ ಅತ್ತಿಗೆ."

ಸೂಜಿ ಮೇಡಂ ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕೂತರು. ಚಿಣ್ಣಿ ಸತ್ತ ದಿನವೇ ಅತ್ತಿಗೆ ಮಹಡಿ ಮೆಟ್ಟಿಲಿನಿಂದ ಬಿದ್ದು ತಲೆಗೆ ಏಟು ಮಾಡಿಕೊಂಡದ್ದು ಊರಿಗೆಲ್ಲ ಗೊತ್ತಿದ್ದ ವಿಷಯ. ವಿಧಿ ಒಂದೇ ದಿನ ಎರಡು ಏಟು ಹಾಕಿತು ಎಂದು ಬಂದವರೆಲ್ಲ ಮರುಗಿದ್ದರು. ಎಚ್ಚರ ಬಂದಾಗ ಅವರಿಗೆ ಆ ವಾರದ ಯಾವ ನೆನಪೂ ಇರಲಿಲ್ಲ. ಮಗಳ ಮುಖವನ್ನು ಕೊನೆಯ ಸಲ ನೋಡಿಯೂ ಇರಲಿಲ್ಲ.

"ಮೆಟ್ಟಿಲಿನಿಂದ ಬೀಳ್ಲಿಲ್ವಾ?"

"ಅವಳು ಅವತ್ತು ಮೆಟ್ಟಿಲು ಹತ್ತಲೇ ಇಲ್ಲ. ಅವರ ಜೊತೆ ಹೋಗಿದ್ಳು." ಅಣ್ಣ ಮರಳುಕಾಗದವನ್ನು ಮಡಿಸಿದ, ಮತ್ತೆ ಮಡಿಸಿದ, ಇನ್ನು ಮಡಿಸಲಾಗದಷ್ಟು ಚಿಕ್ಕದು ಮಾಡಿದ. "ಅಳಿಯ ಫೋನ್ ಮಾಡ್ದ. ಪಕ್ಕದ ಮನೆಯೋರ ಕಾರು ಕೇಳ್ಕೊಂಡು ಹೋದೆ. ಚಿಣ್ಣೀನ ಹುಲ್ಲಿನ ಮೇಲೆ ಮಲಗಿಸಿದ್ದ. ಮುಟ್ಟಿ ನೋಡ್ದೆ. ಮುಟ್ಟಿದ್ರೆ ಗೊತ್ತಾಗಲ್ವೇನೇ, ಹೆತ್ತೋರಿಗೆ? ಇವಳು ಹಿಂದಿನ ಸೀಟಲ್ಲೇ ಸಿಕ್ಕಾಕೊಂಡು ಒಂದೇ ಸಮ ನರಳ್ತಿದ್ಳು. ಕೊಂಡಿ ಬಿಚ್ಚೋಕಾಗ್ಲಿಲ್ಲ. ಬೆಲ್ಟು ಕತ್ತರಿಸಿ ಎಳೆದೆ."

"ಆಮೇಲೆ?"

"ಆಮೇಲೇನು? ಮಗಳನ್ನ ಅಲ್ಲೇ ಬಿಟ್ಟು ಹೆಂಡ್ತೀನ ಎತ್ಕೊಂಡು ಹೊರಟೆ." ಅವನು ಮಡಿಸಿದ ಕಾಗದವನ್ನು ತಗಡಿನ ಮೇಲಿಟ್ಟ. "ಬಿಸಿಲಿತ್ತು. ಮುಖಕ್ಕೆ ಬೀಳ್ತಿತ್ತು. ನನ್ನ ಟವೆಲ್ಲು ಹೊದಿಸ್ದೆ. ಅಷ್ಟೇ ನಾನು ನನ್ನ ಮಗಳಿಗೆ ಮಾಡಿದ್ದು."

ಸೂಜಿ ಮೇಡಂಗೆ ಅವನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಕೈ ಮುಂದೆ ಹೋಗಲಿಲ್ಲ. ಕೇಳುವುದು ಇನ್ನೂ ಬಾಕಿಯಿತ್ತು.

"ಸುಳ್ಳು ಯಾಕೆ ಹೇಳಿಸ್ದೆ?"

"ಅಳಿಯ ಅಲ್ಲೇ, ಆ ಹುಲ್ಲಿನ ಮೇಲೇ ಹೇಳ್ದ. ತಾಯಿ ಮಗಳು ಏನೋ ಮಾತಿಗೆ ಮಾತು ಬೆಳೆಸಿದ್ರಂತೆ. ಇವಳು ಸಿಟ್ಟಲ್ಲಿ ಗಾಡಿ ನಿಲ್ಸು ಅಂತ ಕೂಗಿದ್ಳಂತೆ. ಅವನು ನಿಲ್ಸಲಿಲ್ಲ. ಹಿಂದಿನಿಂದ ಬಗ್ಗಿ ಅವನ ತೋಳು ಹಿಡಿದು ಎಳೆದ್ಳಂತೆ. ಅಷ್ಟು ಹೊತ್ತಿಗೆ ತಿರುವು ಬಂತು." ಅವನು ಮೂಗೊರೆಸಿಕೊಂಡ. "ಎಚ್ಚರ ಆದಾಗ ಇವಳು ಮೊದಲು ಕೇಳಿದ್ದು, ಚಿಣ್ಣಿ ಊಟಕ್ಕೆ ಬಂದ್ಳಾ ಅಂತ. ನಿನ್ನ ಕೈಯಿಂದ್ಲೇ ಹೋದ್ಳು ಅಂತ ಯಾವ ಬಾಯಲ್ಲಿ ಹೇಳ್ಲಿ? ನೀನು ಹೇಳ್ತಿದ್ದೆಯಾ?"

"ಅದಕ್ಕೆ ಚಿಣ್ಣಿ ಮೇಲೆ ಹಾಕಿದೆ."

"ಅಳಿಯ ಓಡಿಸ್ತಿದ್ದ ಅಂದ್ರೆ ಕೇಸು ನಡೆಯುತ್ತೆ. ಕೋರ್ಟಲ್ಲಿ ಏನಾಯ್ತು ಹೇಳು ಅಂತಾರೆ. ಇವಳ ಹೆಸರು ಬರುತ್ತೆ. ಸತ್ತೋರ ಮೇಲೆ ಕೇಸು ನಡೆಯೋಲ್ಲ." ಅವನು ಅಂಗೈಯಿಂದ ಗಾಡಿಯ ತಗಡು ಸವರಿದ. "ಅಮ್ಮನಿಗೋಸ್ಕರ ಅಲ್ವಾ, ಇರ್ಲಿ ಬಿಡಪ್ಪ, ಅಂತಾಳೆ ಅಂದ್ಕೊಂಡೆ ಕಣೇ. ಚಿಣ್ಣಿ ಹಾಗೇ ಅಂತಿದ್ಳು. ಅಂತಿದ್ಳು ಅಲ್ವಾ? ದಿನಾ ಈ ಗಾಡಿ ಕೆಳಗೆ ಮಲಗಿ ಅವಳನ್ನ ಅದೇ ಕೇಳ್ತೀನಿ."

ಮುದುಕ ಮೊಣಕಾಲಿಗೆ ತಲೆಯಿಟ್ಟು ಅಳತೊಡಗಿದ. ಈ ಸಲ ಸೂಜಿ ಮೇಡಂ ತಡೆದುಕೊಳ್ಳಲಿಲ್ಲ. ಗಾಡಿಯೊಳಗೆ ಹತ್ತಿ, ಆ ಬರಿಯ ತಗಡಿನ ಮೇಲೆ ಅವನ ಪಕ್ಕ ಕೂತು, ಅವನ ಬೆನ್ನ ಮೇಲೆ ಕೈಯಿಟ್ಟರು. ಬೆನ್ನು ಮೂಳೆ ಮೂಳೆಯಾಗಿ ಸಿಕ್ಕಿತು. ಇಷ್ಟು ಬಡವಾಗಿದ್ದಾನೆ ಎನ್ನುವುದು ಅಂಗಿಯ ಮೇಲಿಂದ ಗೊತ್ತಾಗಿರಲಿಲ್ಲ.

"ನನಗೆ ಹೇಳ್ಬಾರ್ದಿತ್ತಾ ಅಣ್ಣ?"

"ನೀನು ಪೊಲೀಸು. ಹೇಳಿದ್ರೆ ನಿನಗೆ ಬರೀ ತಂಗಿಯಾಗಿರೋಕೆ ಆಗ್ತಿರ್ಲಿಲ್ಲ."

ಅದು ನಿಜ. ಈಗಲೂ ಆಗುತ್ತಿರಲಿಲ್ಲ. ಅಳಿಯನ ಮುಂಗೈಯ ನಾಲ್ಕು ಗೆರೆಗಳಿಗೆ ಉತ್ತರ ಸಿಕ್ಕಂತಾಗಿತ್ತು. ಲೆಕ್ಕ ಸರಿಹೋಗಿತ್ತು. ಆದರೂ ಎಲ್ಲೋ ಒಂದು ಕಡೆ ಚುಚ್ಚುತ್ತಿತ್ತು. ಅತ್ತಿಗೆ ಚಿಣ್ಣಿಯ ಮೇಲೆ ದನಿಯೆತ್ತಿದ್ದನ್ನೇ ಅವರು ಕಂಡಿರಲಿಲ್ಲ. ಮಗಳೊಂದಿಗಿನ ಸಿಟ್ಟಿಗೆ ಅಳಿಯನ ತೋಳು ಯಾಕೆ ಎಳೆಯಬೇಕು?

ಯೋಚನೆ ಅಲ್ಲಿಗೆ ಬಂದಿತ್ತು, ಗಾಡಿಯೊಳಗೆ ಬರುತ್ತಿದ್ದ ಬೆಳಕು ತಟ್ಟನೆ ಕಡಿಮೆಯಾಯಿತು.

ತೆರೆದ ಹಿಂಬಾಗಿಲ ಹತ್ತಿರ ಅತ್ತಿಗೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕೈಯಲ್ಲಿ ಏನೂ ಇರಲಿಲ್ಲ. ಮುಖದಲ್ಲಿ ಅಳುವೂ ಇರಲಿಲ್ಲ.

ಅಣ್ಣ ದಡಬಡಿಸಿ ಎದ್ದ. ತಲೆ ಗಾಡಿಯ ಮೇಲ್ಛಾವಣಿಗೆ ಬಡಿಯಿತು. "ನೀನು... ನೀನ್ಯಾಕೆ ಬಂದೆ? ಹೋಗು, ಒಳಗೆ ಹೋಗು. ನಾವು ಏನೋ..."

"ಇರ್ಲಿ ಬಿಡಿ" ಎಂದರು ಅತ್ತಿಗೆ. "ನನ್ನಿಂದ ಮುಚ್ಚಿಟ್ಟು ಮುಚ್ಚಿಟ್ಟು ನೀವು ಅರ್ಧ ಆಗಿದ್ದೀರಿ. ಸಾಕು ಮಾಡಿ. ನನಗೆ ನೆನಪು ಬಂದು ಬಹಳ ದಿನ ಆಯ್ತು."

ಅಣ್ಣ ಬಡಿದ ತಲೆ ಹಿಡಿದುಕೊಂಡು ಮತ್ತೆ ತಗಡಿನ ಮೇಲೆ ಕೂತುಬಿಟ್ಟ.

"ಅತ್ತಿಗೆ, ನೀವು ಯಾಕೆ ಸುಮ್ಮನಿದ್ರಿ?" ಸೂಜಿ ಮೇಡಂ ಮೆಲ್ಲಗೆ ಕೇಳಿದರು.

"ಇವರು ಯಾಕೆ ಸುಮ್ಮನಿದ್ದಾರೆ ಅಂತ ಗೊತ್ತಿರ್ಲಿಲ್ಲ. ಅಳಿಯ ಇವರಿಗೆ ಏನು ಹೇಳಿದ್ದಾನೆ ಅಂತಾನೂ ಗೊತ್ತಿರ್ಲಿಲ್ಲ. ಈಗ ಕೇಳಿಸ್ಕೊಂಡೆ." ಅವರು ಬಾಗಿಲಿನ ಅಂಚು ಹಿಡಿದುಕೊಂಡರು, ಹಿಡಿದ ಬೆರಳು ಬೆಳ್ಳಗಾದವು. "ಅವನ ತೋಳು ಹಿಡಿದು ಎಳೆದದ್ದು ನಾನೇ. ಅದು ಸುಳ್ಳಲ್ಲ."

ಅಣ್ಣ ಕಣ್ಣು ಮುಚ್ಚಿಕೊಂಡ.

"ಆದ್ರೆ ನಾನು ಹಿಡಿದು ಎಳೆಯೋವಾಗ" ಎಂದರು ಅತ್ತಿಗೆ, "ಆ ಕೈ ಸ್ಟೀರಿಂಗ್ ಮೇಲೆ ಇರ್ಲಿಲ್ಲ. ಚಿಣ್ಣಿ ಕತ್ತಿನ ಮೇಲಿತ್ತು."